ಸಮನಾದ್ದು ಇಟ್ಟು ತೆಗೆದುಕೊಳ್ಳಿ

ನಾನು ಎಲ್ಲೆಲ್ಲಿ ಮುಷ್ಟಿ ಬಿಗಿದು ಗಂಭೀರವಾಗಿ ಜಗಳಕ್ಕೆ ನಿಂತಿದ್ದೇನೋ ಅಲ್ಲೆಲ್ಲ ಜನ ಹೊಟ್ಟೆ ಹಿಡಿದು ನಗುವಂಥದ್ದು ಏನಾದರೂ ನಡೆದೇ ತೀರಿದೆ. ತಿರುಪ್ಪೂರಿನ ಒಂದು ಬನಿಯನ್ ಕಂಪನಿಯ ಗೇಟಿನಲ್ಲಿ ಘೋಷಣೆಯ ರಭಸಕ್ಕೆ ಹಲ್ಲಿನ ಸೆಟ್ಟು ಹಾರಿ ಬಿತ್ತು. ಘೋಷಣೆ ನನ್ನದು, ಹಲ್ಲು ಎದುರು ಕೂಗುತ್ತಿದ್ದ ಮಾಲೀಕನದು. ಮಣ್ಣು ಒರೆಸಿ ಎತ್ತಿಕೊಟ್ಟವನೂ ನಾನೇ. ಕೆಲಸ ಮಾತ್ರ ಹೋಯಿತು.

ಆಮೇಲೆ ಹುಟ್ಟೂರು ನೆಗಮಂಗೆ, ಅಣ್ಣನ ಮನೆಗೆ ವಾಪಸು ಬಂದೆ. ನಮ್ಮದು ತಲೆಮಾರುಗಳಿಂದ ಇಲ್ಲೇ ನೆಲೆಸಿದ ಕನ್ನಡದ ನೇಕಾರರ ಬೀದಿ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಕನ್ನಡ ಅಕ್ಷರ ಬೀದಿಯಲ್ಲಿ ನನಗೊಬ್ಬನಿಗೇ ಗೊತ್ತು. ಅದೂ ನೂಲಿನ ಗಂಟಿಗೆ ಸುತ್ತಿ ಬರುತ್ತಿದ್ದ ಹಳೇ ಪೇಪರು ನೋಡಿ ಕಲಿತದ್ದು. ಒಂದೊಂದು ಸುದ್ದಿಯೂ ಅರ್ಧಕ್ಕೆ ಹರಿದಿರುತ್ತಿತ್ತು. ನನ್ನ ಸಿಟ್ಟಿಗೆ ಅದೂ ಒಂದು ಕಾರಣ ಇರಬಹುದು.

ಈಗ ಹೇಳುವುದು ಒಂದು ಪ್ಲಾಸ್ಟಿಕ್ ಡಬ್ಬಿಯ ವಿಷಯ. ಎರಡು ಸಾವಿರದ ಆರೋ ಏಳೋ ಇರಬೇಕು.

ಸರ್ವೆಯವನು

ಒಂದು ಭಾನುವಾರ ಬೆಳಿಗ್ಗೆ ನಮ್ಮ ಪಾವಡಿಯಲ್ಲಿ ಒಬ್ಬ ಅಪರಿಚಿತ ಕೈಯಲ್ಲೊಂದು ಯಂತ್ರ ಹಿಡಿದುಕೊಂಡು ನಾಲ್ಕು ಹೆಜ್ಜೆ ಮುಂದೆ, ಎರಡು ಹೆಜ್ಜೆ ಹಿಂದೆ ಹಾಕುತ್ತಿದ್ದ. ಪಾವಡಿ ಎಂದರೆ ಬೀದಿಯ ಹಿಂದಿನ ಬಯಲು. ಮಗ್ಗಕ್ಕೆ ಉದ್ದಕ್ಕೆ ಏರಿಸುವ ಎಳೆಗಳನ್ನು, ಅಂದರೆ ಹಾಸಿನ ನೂಲನ್ನು, ಅಲ್ಲಿ ಕಲ್ಲುಕಂಬಗಳ ನಡುವೆ ಉದ್ದಕ್ಕೆ ಚಾಚಿ ಗಂಜಿ ಹಚ್ಚುತ್ತಿದ್ದೆವು. ಈಗ ಆಡುಗಳು ಮಲಗುತ್ತವೆ.

ರಸ್ತೆಗೆ ಜಾಗ ಅಳೆಯಲು ಬಂದಿದ್ದಾನೆ ಎಂದು ನನಗೆ ಖಚಿತವಾಯಿತು. ಐದು ನಿಮಿಷದಲ್ಲಿ ಇಪ್ಪತ್ತು ಜನ ಸೇರಿಸಿದೆ. ತಮಿಳಿನಲ್ಲಿ ಧಿಕ್ಕಾರ ಶುರುವಾಯಿತು. ಆತ ಬೆವರುತ್ತ, "ಅಯ್ಯೋ ದೇವ್ರೇ, ಎಲ್ಲಿ ಬಂದು ಸಿಕ್ಕಾಕ್ಕೊಂಡೆ!" ಅಂದ.

ಧಿಕ್ಕಾರ ಗಕ್ಕನೆ ನಿಂತಿತು. ಎದುರು ಮನೆಯ ಅಜ್ಜಿ ಮುಂದೆ ಬಂದು ಕೇಳಿದಳು: "ಏನ್ ಸಾಮಿ, ನೀವು ನಮ್ಮೋರಾ?"

ದಾವಣಗೆರೆ ಕಡೆಯ ಇಂಜಿನಿಯರಂತೆ. ಶರವಣಂಪಟ್ಟಿಯ ಕಂಪ್ಯೂಟರ್ ಕಂಪನಿಯಲ್ಲಿ ಕೆಲಸ. ಇದು ಆಟ ಅಂದ. ಡಬ್ಬಿಯನ್ನು ಎಲ್ಲಾದರೂ ಅಡಗಿಸಿ, ಜಾಗದ ಗುರುತನ್ನು ಉಪಗ್ರಹದಿಂದ ಹಿಡಿದು ಇಂಟರ್ನೆಟ್ಟಿಗೆ ಹಾಕುವುದು. ಯಾರು ಬೇಕಾದರೂ ಹುಡುಕಿಕೊಂಡು ಬರಬಹುದು. ಡಬ್ಬಿಯಲ್ಲಿ ಸಣ್ಣಪುಟ್ಟ ಸಾಮಾನು ಇರುತ್ತವೆ. ಒಂದು ತೆಗೆದುಕೊಂಡರೆ ಅದಕ್ಕೆ ಸಮನಾದ್ದು, ಇಲ್ಲವೇ ಹೆಚ್ಚಿನದು ಇಡಬೇಕು. ಒಳಗಿನ ಪುಸ್ತಕದಲ್ಲಿ ಬರೆದು ಹೋಗಬೇಕು.

ನನಗೆ ಮೈ ಉರಿಯಿತು. ಸಮನಾದ್ದು ಕೊಟ್ಟು ತೆಗೆದುಕೊಳ್ಳಿ ಎಂದು ನಾನು ಮೂವತ್ತು ವರ್ಷ ಗೇಟುಗಳಲ್ಲಿ ಕೂಗಿದ್ದೇನೆ. ಯಾರೂ ಒಪ್ಪಲಿಲ್ಲ. ಆಟಕ್ಕಾದರೆ ಲೋಕವೆಲ್ಲ ಒಪ್ಪಿದೆ!

ಅಜ್ಜಿ ಮಾತ್ರ ಆಕಾಶ ನೋಡುತ್ತ ನಿಂತಿದ್ದಳು. "ಅಷ್ಟು ಮೇಲೆ ಇರೋದಕ್ಕೆ ನಮ್ಮ ಕಲ್ಲುಕಂಬ ಕಾಣುತ್ತೆ. ಆಚೆ ಬೀದಿ ಪಂಚಾಯ್ತಿ ಆಫೀಸಿನೋರಿಗೆ ನಮ್ಮ ಬೀದಿದೀಪ ಕೆಟ್ಟಿರೋದು ಕಾಣಲ್ಲ."

ಸಮಿತಿ

ಡಬ್ಬಿಯನ್ನು ಕಲ್ಲುಕಂಬದ ಬುಡದ ಸಂದಿಯಲ್ಲಿ ಇಡುವುದೆಂದಾಯಿತು. ಅದರೊಳಗೆ ಏನಿಡುವುದು? ನಾನಿರುವ ಕಡೆ ಸಮಿತಿ ಇಲ್ಲದೆ ಏನೂ ನಡೆಯುವುದಿಲ್ಲ. ಅಣ್ಣನ ಮನೆಯ ತಿಣ್ಣೆ, ಅಂದರೆ ಜಗಲಿಯ ಮೇಲೆ ಸಭೆ ಕರೆದೆ.

ಬಂದ ಸಾಮಾನು: ಹಲ್ಲು ಮುರಿದ ಬಾಚಣಿಗೆ, ಖಾಲಿ ಪೌಡರ್ ಡಬ್ಬ, ಅವಧಿ ಮುಗಿದ ಬಸ್ ಪಾಸು, ಒಂದು ಪೊಟ್ಟಣ ಚಕ್ಕುಲಿ. ಅಜ್ಜಿ ಒಂದು ಕಿವಿಯ ಓಲೆ ತಂದಿದ್ದಳು.

"ಇನ್ನೊಂದು ಕಿವೀದು?" ಎಂದೆ.

"ಅದು ಸಿಕ್ಕಿದ್ರೆ ಇದನ್ನ ಯಾತಕ್ಕೆ ಕೊಡ್ತಿದ್ದೆ?"

ಇಂಜಿನಿಯರ್ ಮೆಲ್ಲಗೆ ಹೇಳಿದ: ತಿಂಡಿ ಬೇಡ, ಇರುವೆ ಬರುತ್ತೆ. ಬ್ಲೇಡು, ಬೆಂಕಿಪೊಟ್ಟಣ ಬೇಡ. ಮಳೆಗೆ ಹಾಳಾಗುವುದು ಬೇಡ. ಸಿಕ್ಕವರಿಗೆ ಖುಷಿಯಾಗಬೇಕು.

ಆಗ ಅಲ್ಲಿವರೆಗೆ ಕೆಮ್ಮುತ್ತ ಮೂಲೆಯಲ್ಲಿ ಕೂತಿದ್ದ ಅಣ್ಣ ಬಾಯಿ ಬಿಟ್ಟ. ಐವತ್ತು ವರ್ಷ ಮಗ್ಗದ ಗುಂಡಿಯಲ್ಲಿ ಕಾಲಿಟ್ಟು ಎದೆಯಲ್ಲಿ ಹತ್ತಿ ತುಂಬಿಸಿಕೊಂಡವನು. ಮಾತು ಕಡಿಮೆ.

"ಇಡೋವಾಗ ಇಡೋನಿಗೆ ಒಂಚೂರು ನೋಯಬೇಕು. ಇಲ್ಲಾಂದ್ರೆ ಅದು ಕಸ."

ಎಷ್ಟು ಸರಿಯಾದ ಮಾತು! ತಕ್ಷಣ ನಿರ್ಣಯ ಮಂಡಿಸಿದೆ. ಸರ್ವಾನುಮತದಿಂದ ಪಾಸಾಯಿತು. ಎಲ್ಲರೂ ತಂತಮ್ಮ ಸಾಮಾನು ಎತ್ತಿಕೊಂಡು ಮನೆಗೆ ಹೋದರು.

ಅಂಗೈ ಸೀರೆ

ಮೂರು ದಿನ ಮಗ್ಗದ ಸದ್ದು ವಿಚಿತ್ರವಾಗಿ ಬಂತು. ಒಮ್ಮೆ ಟಕ್ ಎನ್ನುತ್ತಿತ್ತು, ಆಮೇಲೆ ಎಷ್ಟೋ ಹೊತ್ತು ಮೌನ. ನಾಲ್ಕನೇ ದಿನ ಅಣ್ಣ ನನ್ನ ಕೈಯಲ್ಲಿ ಒಂದು ಬಟ್ಟೆ ಇಟ್ಟ. ಅಂಗೈ ಅಗಲದ ಸೀರೆ. ಎರಡೂ ಕಡೆ ಅರಗಿನ ಕಡುಗೆಂಪು ಬಣ್ಣದ ಅಂಚು, ತುದಿಗೆ ಸೆರಗು, ಸೆರಗಿಗೆ ಕುಚ್ಚು. ಗೊಂಬೆಗೂ ಸಾಲದು, ಆದರೆ ಒಂದು ಎಳೆಯೂ ಕಮ್ಮಿ ಇಲ್ಲ.

"ತಂಬಿ, ಇದನ್ನ ಯಾರಾದ್ರೂ ಆರಿಸ್ತಾರಾ?"

"ಯಾಕೆ ಕೇಳ್ತೀಯ?"

"ಐವತ್ತು ವರ್ಷ ನೇಯ್ದೆ. ನೂಲು ಕೊಟ್ಟೋನು ಬಂದು ಸೀರೆ ಎತ್ಕೊಂಡು ಹೋದ. ಅದು ಯಾವ ಅಂಗಡೀಲಿ, ಯಾರ ಕೈಗೆ ಹೋಯ್ತು, ಒಂದೂ ನೋಡಿಲ್ಲ. ನೂರು ಸಾಮಾನಿನ ನಡುವೆ ನನ್ನ ಬಟ್ಟೆಗೇ ಒಬ್ಬರು ಕೈ ಚಾಚೋದನ್ನ ಒಂದು ಸಲ ನೋಡಬೇಕು."

ನನಗೆ ಏನೋ ಅನುಮಾನ ಬಂತು. ಒಳಗೆ ಹೋಗಿ ಮಗ್ಗ ನೋಡಿದೆ. ಒಂದು ಹಾಸು ಮುಗಿದಾಗ ಕೊನೆಯ ಮೊಳದಷ್ಟು ನೂಲನ್ನು ನಮ್ಮವರು ಮಗ್ಗದಲ್ಲೇ ಬಿಡುತ್ತಾರೆ. ಹೊಸ ಹಾಸು ಬಂದಾಗ ಅದರ ಎಳೆಗಳನ್ನು ಒಂದೊಂದಾಗಿ ಹಳೆಯ ತುದಿಗೆ ಹುರಿಮಾಡಿ ಸೇರಿಸುತ್ತಾರೆ. ಆ ತುದಿ ಇದ್ದರೆ ಮಗ್ಗಕ್ಕೆ ಜೀವ ಇದೆ ಎಂದು ಅರ್ಥ. ಪವರ್‌ಲೂಮಿನ ಬಟ್ಟೆಗೆ ಕೈಮಗ್ಗದ ಚೀಟಿ ಅಂಟಿಸಿ ಮಾರುವ ಕಳ್ಳರ ಕಾಲ ಇದು. ನಮ್ಮ ಮನೆಗೆ ಹೊಸ ಹಾಸು ಬಂದು ಒಂದು ವರ್ಷವಾಗಿತ್ತು. ಆದರೂ ತುದಿ ಇತ್ತು. ಈಗ ಇಲ್ಲ. ಲಾಳಿ ಓಡದ ಕಡೆ ಸೂಜಿ ಹಾಕಿ ಅಣ್ಣ ಅದನ್ನೂ ನೇಯ್ದುಬಿಟ್ಟಿದ್ದ.

"ಮಗ್ಗ ಖಾಲಿ ಮಾಡಿಬಿಟ್ಟೆಯಾ?" ಎಂದು ಕಿರುಚಿದೆ.

"ಡಬ್ಬಿ ಖಾಲಿ ಇದೆ ಅಂದೆಯಲ್ಲ" ಅಂದ.

ಒರೆಸು ಬಟ್ಟೆ

ಬಟ್ಟೆಯನ್ನು ಡಬ್ಬಿಗೆ ಹಾಕಿದೆವು, ಜೊತೆಗೆ ಇಂಜಿನಿಯರ್ ಒಂದಿಷ್ಟು ಕೀಚೈನ್, ಆಟಿಕೆ ಸೇರಿಸಿದ. ಭಾನುವಾರ ಭಾನುವಾರ ಜನ ಬರತೊಡಗಿದರು. ಇಂಜಿನಿಯರನ ಸ್ನೇಹಿತರು, ಕಾಲೇಜಿನವರು. ಕೀಚೈನ್ ತೆಗೆದು ಕೀಚೈನ್ ಇಟ್ಟರು. ಪ್ಲಾಸ್ಟಿಕ್ ಕಪ್ಪೆ ತೆಗೆದು ಪ್ಲಾಸ್ಟಿಕ್ ಆಮೆ ಇಟ್ಟರು. ಅವರು ಹೋದ ಮೇಲೆ ನಾನು ಡಬ್ಬಿ ನೋಡಿ ಬರುತ್ತಿದ್ದೆ. ಅಣ್ಣ ತಿಣ್ಣೆಯಿಂದ ಕೇಳುತ್ತಿದ್ದ: "ಇದೆಯಾ?" ನಾನು "ಇದೆ" ಎನ್ನುತ್ತಿದ್ದೆ. ಅಷ್ಟೇ ಮಾತು.

ಒಂದು ವಾರ ಅಣ್ಣನೂ ಪಾವಡಿಗೆ ಬಂದು ಕೂತಿದ್ದಾಗ ಒಬ್ಬ ವಿದ್ಯಾರ್ಥಿ ಆ ಬಟ್ಟೆಗೆ ಕೈ ಹಾಕಿದ. ಅಣ್ಣ ಎದ್ದೇ ನಿಂತ. ವಿದ್ಯಾರ್ಥಿ ಅದರಿಂದ ತನ್ನ ಯಂತ್ರದ ಗಾಜಿನ ಕೆಸರು ಒರೆಸಿ, ಮಡಿಸಿ, ವಾಪಸು ಡಬ್ಬಿಯಲ್ಲಿಟ್ಟ. ಬಹಳ ಸಭ್ಯ. "ಥ್ಯಾಂಕ್ಯೂ" ಎಂದು ಪುಸ್ತಕದಲ್ಲಿ ಬರೆದೂ ಹೋದ.

ನಾನು ಅವನ ಹಿಂದೆ ಓಡಲು ಹೊರಟೆ. ಅಣ್ಣ ತಡೆದ. ಬಟ್ಟೆಯನ್ನು ತಾನೇ ಒಗೆದು, ಗಂಜಿ ಹಾಕಿ, ಚೊಂಬಿನಲ್ಲಿ ಕೆಂಡ ತುಂಬಿ ಇಸ್ತ್ರಿ ಮಾಡಿದ. ಬಿಸಿಲಿಗೆ ಹಿಡಿದು ನೋಡಿದ.

"ಬಣ್ಣ ಬಿಟ್ಟಿಲ್ಲ ತಂಬಿ."

"ಅವನು ಒರೆಸು ಬಟ್ಟೆ ಮಾಡ್ಕೊಂಡ, ನೀನು ಬಣ್ಣ ನೋಡ್ತೀಯಲ್ಲ!"

"ಗಾಜು ಚೆನ್ನಾಗಿ ಹೊಳೀತಿತ್ತು" ಅಂದ. ಅಭಿಮಾನದಿಂದಲೇ ಅಂದ.

ನನ್ನ ನೋಟೀಸು

ಸಾಕಾಯಿತು. ನಾನು ಒಂದು ನೋಟೀಸು ಬರೆದೆ. ಆಗಷ್ಟೇ ನನ್ನ ಕನ್ನಡಕದ ಕಾಲು ಮುರಿದಿತ್ತು. ಅಣ್ಣ ಅಂಚಿನ ಅರಗು ನೂಲನ್ನೇ ಒತ್ತೊತ್ತಾಗಿ ಸುತ್ತಿ ಕಟ್ಟಿಕೊಟ್ಟಿದ್ದ. ಅದು ಇಲ್ಲದಿದ್ದರೆ ನನಗೆ ಒಂದಕ್ಷರ ಕಾಣುವುದಿಲ್ಲ. ಅದನ್ನು ಹಾಕಿಕೊಂಡು ಕನ್ನಡದಲ್ಲೂ ತಮಿಳಿನಲ್ಲೂ ಎರಡು ಪುಟ ಬರೆದೆ. ಈ ಬಟ್ಟೆಗೆ ಮೂರು ದಿನದ ದುಡಿಮೆ ಇದೆ, ಐವತ್ತು ವರ್ಷದ ಕಣ್ಣು ಇದೆ, ಒಂದು ಎದೆ ಇದೆ. ಕೀಚೈನ್ ಇಟ್ಟು ಇದನ್ನು ಮುಟ್ಟುವವರು ತಮ್ಮ ಮನಸ್ಸಾಕ್ಷಿಗೆ ಉತ್ತರ ಕೊಡಲಿ! ಡಬ್ಬಿಯಲ್ಲಿ ಎಲ್ಲಕ್ಕಿಂತ ಮೇಲೆ ಇಟ್ಟೆ.

ಎರಡು ತಿಂಗಳು ಯಾರೂ ಬಟ್ಟೆಯನ್ನು ಮುಟ್ಟಲಿಲ್ಲ. ಒರೆಸಲೂ ಇಲ್ಲ. ಇಂಜಿನಿಯರ್ ಒಂದು ದಿನ ತಲೆ ಕೆರೆಯುತ್ತ ಬಂದ.

"ಸಾರ್, ಬೇಜಾರ್ ಮಾಡ್ಕೋಬೇಡಿ. ನಿಮ್ಮ ನೋಟೀಸ್ ಓದಿ ಜನ ಹೆದರ್ತಿದಾರೆ. ಅದಕ್ಕೆ ಸಮನಾದ್ದು ನಮ್ಮ ಹತ್ರ ಏನಿದೆ ಅಂತ ಕೇಳ್ತಾರೆ."

ಪುಸ್ತಕ ತೆಗೆದು ತೋರಿಸಿದ. ಕಾಲೇಜಿನ ಒಬ್ಬಳು ಬರೆದಿದ್ದಳು: "ತೆಗೆದುಕೊಂಡದ್ದು: ಏನೂ ಇಲ್ಲ. ಬಿಟ್ಟದ್ದು: ಕ್ಷಮೆ."

ಬನಿಯನ್ ಮೇಡಂ

ಇನ್ನೊಂದು ಭಾನುವಾರ ಪಾವಡಿಗೆ ಒಂದು ಕಾರು ಬಂತು. ಇಳಿದವರು ವಿದೇಶದ ಹೆಂಗಸು. ತಿರುಪ್ಪೂರಿನಲ್ಲಿ ಬನಿಯನ್ ಖರೀದಿಸಲು ಬಂದವರಂತೆ, ಡ್ರೈವರ್ ಹೇಳಿದ. ಕೈಯಲ್ಲಿ ಅದೇ ಯಂತ್ರ.

ನಾನು ಅಣ್ಣನನ್ನು ಹಿಡಿದುಕೊಂಡು ಗೋಡೆಯ ಬದಿಗೆ ನಿಂತೆ. ಆಕೆ ಡಬ್ಬಿ ತೆರೆದರು. ಕಪ್ಪೆ, ಆಮೆ, ಕೀಚೈನ್ ಎಲ್ಲ ಸರಿಸಿ ಬಟ್ಟೆ ಎತ್ತಿಕೊಂಡರು. ಬೆಳಕಿಗೆ ಹಿಡಿದರು. ಹೆಬ್ಬೆರಳು ತೋರುಬೆರಳ ನಡುವೆ ಅಂಚನ್ನು ಮೆಲ್ಲಗೆ ಉಜ್ಜಿದರು. ಅಣ್ಣನ ಉಗುರು ನನ್ನ ತೋಳಿಗೆ ನಾಟಿತು. ಆಕೆ ತಮ್ಮ ಚೀಲದಿಂದ ಒಂದು ಪೆನ್ನು ತೆಗೆದು ಬಟ್ಟೆಯ ಪಕ್ಕ ಇಟ್ಟು ನೋಡಿದರು. ಬೇಡವೆಂದು ತಲೆಯಾಡಿಸಿ ಒಂದು ಗೊಂಬೆ ಇಟ್ಟು ನೋಡಿದರು. ಅದೂ ಬೇಡ. ಕೊನೆಗೆ ಬಟ್ಟೆಯನ್ನು ಮಡಿಕೆ ಕೆಡದಂತೆ ವಾಪಸು ಇಟ್ಟು, ನನ್ನ ನೋಟೀಸನ್ನು ತೆಗೆದುಕೊಂಡರು! ಅಕ್ಷರ ಚೆಂದ ಇದೆ, ಚೌಕಟ್ಟು ಹಾಕಿಸುತ್ತಾರಂತೆ, ಅದನ್ನೂ ಡ್ರೈವರೇ ಹೇಳಿದ. ಅದಕ್ಕೆ ಬದಲು ಒಂದು ಪುಟಾಣಿ ಬನಿಯನ್ ತೂಗುವ ಕೀಚೈನ್ ಇಟ್ಟರು. ನೋಡಿದರೆ ತಿರುಪ್ಪೂರಿನಲ್ಲೇ ಹೊಲಿದದ್ದು. ನಾನು ಕೆಲಸ ಕಳೆದುಕೊಂಡ ಕಂಪನಿಯ ಚೀಟಿ ಇತ್ತು.

ಅಣ್ಣ ನನ್ನ ತೋಳು ಬಿಟ್ಟ. "ಬಟ್ಟೆ ಗೊತ್ತಿರೋ ಕೈ ತಂಬಿ. ಹತ್ತಿರ ಬಂತು."

ನಾನು ಮೂವತ್ತು ವರ್ಷದಲ್ಲಿ ಹಂಚಿದ ಕರಪತ್ರಗಳಿಗೆ ಲೆಕ್ಕವಿಲ್ಲ. ಅದರಲ್ಲಿ ಒಬ್ಬರು ಇಷ್ಟಪಟ್ಟು, ಬದಲು ಇಟ್ಟು ಒಯ್ದದ್ದು ಇದೊಂದೇ. ಅವರಿಗೆ ಓದಲು ಬರುತ್ತಿರಲಿಲ್ಲ.

ಬದಲು

ಆಡಿ ತಿಂಗಳ, ಅಂದರೆ ಆಷಾಢದ ಗಾಳಿ ಶುರುವಾಗುವಷ್ಟರಲ್ಲಿ ಅಣ್ಣ ಹಾಸಿಗೆ ಹಿಡಿದ. ತಿಣ್ಣೆಗೂ ಬರಲಾಗುತ್ತಿರಲಿಲ್ಲ. ಭಾನುವಾರ ಮಾತ್ರ ಮರೆಯುತ್ತಿರಲಿಲ್ಲ. "ಇದೆಯಾ?" "ಇದೆ." ಆ ಎರಡಕ್ಷರವನ್ನು ನಾನು ಪಿಸುಗುಟ್ಟಿ ಹೇಳುತ್ತಿದ್ದೆ. ಗೇಟಿನಲ್ಲಿ ಹಲ್ಲು ಹಾರಿಸಿದ ಗಂಟಲು!

ಡಾಕ್ಟರು ಕೈ ಚೆಲ್ಲಿದ ವಾರ ನಾನು ಪಾವಡಿಗೆ ಹೋಗಿ, ಸುತ್ತಮುತ್ತ ನೋಡಿ, ಬಟ್ಟೆಯನ್ನು ಅಂಗಿಯ ಜೇಬಿಗೆ ಹಾಕಿಕೊಂಡೆ. ಮನೆಗೆ ಓಡಿ ಬಂದೆ.

"ಅಣ್ಣಾ! ಹೋಯ್ತು! ಯಾರೋ ಆರಿಸಿಕೊಂಡು ಹೋದರು!"

ಅಣ್ಣನ ಕಣ್ಣು ಅಗಲವಾಯಿತು. ಅತ್ತಿಗೆ ಒಲೆ ಬಿಟ್ಟು ಬಂದಳು. ಅಣ್ಣ ದಿಂಬಿಗೆ ಒರಗಿ ಕೂತು, ಮೊದಲು ಕೇಳಿದ್ದೇ ಇದು: "ಬದಲು ಏನಿಟ್ಟರು?"

ಸಮನಾದ್ದು ಕೊಡಿ ಎಂದು ಜೀವಮಾನವೆಲ್ಲ ಕೂಗಿದವನು ನಾನು. ಬದಲಿನ ವಿಷಯವೇ ನನಗೆ ಹೊಳೆದಿರಲಿಲ್ಲ. ಪೆನ್ನು ಎನ್ನಲೇ? ಆಮೆ ಎನ್ನಲೇ? ಗೋಡೆ ಕಡೆ ತಿರುಗಿ, ಕೆಮ್ಮಿದಂತೆ ಮಾಡಿ, ಕನ್ನಡಕ ಬಿಚ್ಚಿ ಅವನ ಕೈಯಲ್ಲಿಟ್ಟೆ.

"ಇದು."

ಅತ್ತಿಗೆ ಸೆರಗು ಬಾಯಿಗೆ ಒತ್ತಿಕೊಂಡಳು. ಅಳುವೋ ನಗುವೋ ನನಗೆ ಕಾಣಲಿಲ್ಲ. ನನಗೆ ಏನೂ ಕಾಣುತ್ತಿರಲಿಲ್ಲ.

ಅಣ್ಣ ಅದನ್ನು ತಿರುಗಿಸಿ ತಿರುಗಿಸಿ ನೋಡಿದ. ಮುರಿದ ಕಾಲಿಗೆ ಸುತ್ತಿದ ಅರಗು ನೂಲಿನ ಮೇಲೆ ಬೆರಳಾಡಿಸಿದ. "ನೂಲು ಚೆನ್ನಾಗಿ ಸುತ್ತಿದಾರೆ. ಯಾರೋ ಕೆಲಸ ಗೊತ್ತಿರೋನೇ ಇರಬೇಕು."

"ಹೌದಣ್ಣ."

"ಆರಿಸಿದೋನು ಒಂಚೂರು ಪೆದ್ದ ಅನ್ನಿಸುತ್ತೆ."

"ಹೌದಣ್ಣ."

"ಪರವಾಯಿಲ್ಲ. ಇಡೋವಾಗ ಅವನಿಗೆ ನೋಯ್ತು. ಸಮನಾಯ್ತು."

ಅದನ್ನು ಹಾಕಿಕೊಂಡೇ ಇದ್ದ. ಅವನ ಕಣ್ಣಿಗೆ ಅದರಲ್ಲಿ ಎಲ್ಲ ಮಸುಕು. ಗಂಜಿ ಕುಡಿಯಲು ಹೋಗಿ ಮೂಗಿಗೆ ಲೋಟ ತಾಗಿಸಿಕೊಳ್ಳುತ್ತಿದ್ದ. ಬಿಚ್ಚಿಡು ಎಂದು ಅತ್ತಿಗೆ ಬೈದರೆ, "ಮರ್ಯಾದೆಯಿಂದ ಬದಲು ಕೊಟ್ಟಿದಾರೆ, ಹಾಕ್ಕೊಳ್ಳದೆ ಇರೋದಾ?" ಎನ್ನುತ್ತಿದ್ದ. ಹನ್ನೊಂದು ದಿನ ಹಾಕಿಕೊಂಡ. ಹನ್ನೆರಡನೆಯ ದಿನ ಅದರ ಸಮೇತವೇ ಹೊರಟುಹೋದ. ಕನ್ನಡಕ ತೆಗೆಯಲು ಬಂದವರ ಕೈಯನ್ನು ಅತ್ತಿಗೆ ಹಿಡಿದುಕೊಂಡಳು. "ಇರಲಿ. ಅವರು ಸಂಪಾದಿಸಿದ್ದು."

ಕಾರ್ಯ ಎಲ್ಲ ಮುಗಿದ ಭಾನುವಾರ ಇಂಜಿನಿಯರ್ ಬಂದ. ಪಾವಡಿಗೆ ಹೋಗಿ ಡಬ್ಬಿ ನೋಡಿ, ಕೆಂಪಾಗಿ ವಾಪಸು ಬಂದ. ಯಾವತ್ತೂ ಗಟ್ಟಿಯಾಗಿ ಮಾತಾಡದವನು ಅವತ್ತು ಕೂಗಾಡಿದ.

"ಸಾರ್, ದೊಡ್ಡವರ ಬಟ್ಟೆ ಇಲ್ಲ! ಬದಲು ಏನೂ ಇಟ್ಟಿಲ್ಲ, ಪುಸ್ತಕದಲ್ಲಿ ಹೆಸರೂ ಬರೆದಿಲ್ಲ. ಯಾರೋ ಕಳ್ಳ ಸಾರ್! ಇದನ್ನ ಬಿಡಬಾರದು. ನೀವು ಒಂದು ನೋಟೀಸ್ ಬರೀರಿ, ಚೆನ್ನಾಗಿ ಉಗಿದು ಬರೀರಿ!"

ಜೇಬಿನ ಮೇಲೆ ಕೈ ಇಟ್ಟುಕೊಂಡೆ.

"ಬರೀಬಹುದು" ಎಂದೆ. "ಕನ್ನಡಕ ಇಲ್ಲ."