ಮೂರು ಡಬ್ಬಿ ಅಲಗು

ವೆಂಡೆಲ್ ಮಾಡಿದ ತಪ್ಪು ಇಷ್ಟೇ. ಗುರುವಾರ ಚೀಸ್ ಕಾರ್ಖಾನೆಯ ಊಟದ ಕೋಣೆಯಲ್ಲಿ, ನಾಲ್ಕು ಜನರ ಕಿವಿಗೆ ಬೀಳುವಂತೆ, "ಜಿಂಕೆ ಬೇಟೆಗೆ ಬಾಣದ ಅಲಗು ಯಾವುದು ಒಳ್ಳೇದು?" ಎಂದು ಕೇಳಿಬಿಟ್ಟ. ವಿಸ್ಕಾನ್ಸಿನ್‌ನ ಆ ಊರಿನಲ್ಲಿ ಒಬ್ಬ ತನ್ನ ಹೆಂಡತಿಯ ಮೇಲೆ ದೂರು ಹೇಳಿಕೊಂಡರೆ ಯಾರೂ ನಡುವೆ ತಲೆ ಹಾಕುವುದಿಲ್ಲ. ಅಲಗಿನ ವಿಷಯ ಹಾಗಲ್ಲ.

ಬಿಲ್ಲಿನ ಬೇಟೆಯ ಋತು ಶುರುವಾಗುವುದು ಶನಿವಾರ ಬೆಳಗ್ಗೆ. ಸೋಮವಾರದಿಂದ ಕಾರ್ಖಾನೆಯಲ್ಲಿ ರಜೆಯಿಲ್ಲದ ದುಡಿತ. ಅವನಿಗಿದ್ದದ್ದು ಎರಡೇ ದಿನ. ಹೋದ ವರ್ಷ ಅವನ ಅಲಗು ಜಿಂಕೆಯ ಮೂಳೆಗೆ ತಗುಲಿ ಬಾಗಿಹೋಗಿತ್ತು. ರಕ್ತದ ಹನಿಗಳನ್ನು ಹುಡುಕುತ್ತ ಎರಡು ದಿನ ಅಲೆದ. ಜೌಗಿನ ಅಂಚಿನಲ್ಲಿ ಜಾಡು ತಪ್ಪಿತು. ಆ ಪ್ರಾಣಿ ಎಲ್ಲಿ ಬಿದ್ದು ನರಳಿತೋ ಎಂಬ ಸಂಕಟ ವರ್ಷವಾದರೂ ಹೋಗಿರಲಿಲ್ಲ. "ಈ ಸಲ ಒಂದೇ ಏಟಿಗೆ ಮುಗೀಬೇಕು. ಇಲ್ಲಾಂದ್ರೆ ಬಿಲ್ಲು ಮಾರಿಬಿಡ್ತೀನಿ" ಎಂದು ಹೆಂಡತಿ ಕಾರ್ಲಾಗೆ ಮಾತು ಕೊಟ್ಟಿದ್ದ. ಅದಕ್ಕೇ ಶುಕ್ರವಾರ ರಜೆ ಹಾಕಿ, ಹಿತ್ತಲಿನಲ್ಲಿ ಫೋಮಿನ ಜಿಂಕೆಯೊಂದನ್ನು ನಿಲ್ಲಿಸಿ, ಒಂದೆರಡು ಅಲಗು ಪರೀಕ್ಷಿಸಿ ಮಧ್ಯಾಹ್ನ ಮಲಗುವುದೆಂದು ಲೆಕ್ಕ ಹಾಕಿದ್ದ.

ಶುಕ್ರವಾರ ಬೆಳಗ್ಗೆ ಕಾಫಿ ಕುಡಿದು ಮುಗಿಸುವ ಮೊದಲೇ ಪಕ್ಕದ ಮನೆಯ ಗಿಲ್ ಬೇಲಿ ದಾಟಿ ಬಂದ. ಕೈಯಲ್ಲೊಂದು ಡಬ್ಬಿ.

"ನೋಡು ಮಾರಾಯ, ಬಿಚ್ಚಿಕೊಳ್ಳೋ ಅಲಗು ಅಂತ ಯಾರಾದ್ರೂ ಬಂದ್ರೆ ಬಾಗಿಲು ಹಾಕ್ಕೋ. ಹಾರೋವಾಗ ಮಡಚಿಕೊಂಡಿರುತ್ತಂತೆ, ತಗುಲಿದ ಕೂಡ್ಲೆ ಬಿಚ್ಚಿಕೊಳ್ಳುತ್ತಂತೆ! ನಮ್ಮನೆ ಕೊಡೆ ಮಳೆ ಬಂದಾಗ ಬಿಚ್ಚಿಕೊಳ್ಳಲ್ಲ, ಇನ್ನು ಇದು? ಗಟ್ಟಿ ಅಲಗೇ ಸರಿ. ಮೂರು ತರ ತಂದಿದ್ದೀನಿ."

"ಬೇಡ ಗಿಲ್, ನಿನಗ್ಯಾಕೆ ತೊಂದ್ರೆ."

ಆ ಊರಿನಲ್ಲಿ ಬೇಡ ಎಂಬ ಮಾತನ್ನು ಮೂರು ಸಲ ಹೇಳದೆ ಯಾರೂ ನಂಬುವುದಿಲ್ಲ. ವೆಂಡೆಲ್ ಹುಟ್ಟಿದಾಗಿನಿಂದ ಎರಡನೆಯದನ್ನು ದಾಟಿದವನಲ್ಲ.

ಗಿಲ್ ತಂದ ಅಲಗು ಸಿಕ್ಕಿಸಿ ಮೊದಲ ಬಾಣ ಬಿಟ್ಟ. ಅಭ್ಯಾಸದ ಮೊನೆಯಾಗಿದ್ದರೆ ನೇರ ಎದೆಗೆ ಹೋಗುತ್ತಿತ್ತು. ಅಗಲವಾದ ಅಲಗು ಗಾಳಿ ಹಿಡಿದು ಎಡಕ್ಕೆ ತಿರುಗಿತು. ಬೇಲಿ ದಾಟಿ, ಗಿಲ್ ಮಾಂಸ ಸುಡುವ ಒಲೆಯ ಹೊದಿಕೆಯಲ್ಲಿ ಹೋಗಿ ಕೂತಿತು.

"ಅಲಗಿನ ತಪ್ಪಲ್ಲ ಬಿಡು, ನಿನ್ನ ಬಿಲ್ಲೇ ಸರಿಯಿಲ್ಲ" ಎಂದು ಗಿಲ್ ತಿರುಪುಗಳಿಗೆ ಕೈ ಹಾಕಿದ.

ಅಷ್ಟರಲ್ಲಿ ಕಾರ್ಲಾಳ ತಮ್ಮ ಡ್ವೇನ್‌ನ ಟ್ರಕ್ಕು ಬಂದು ನಿಂತಿತು. "ಭಾವ, ಗಿಲ್ ಮಾತು ಕೇಳ್ಕೊಂಡ್ರೆ ಜಿಂಕೆ ಮುದಿಯಾಗಿ ಸಾಯುತ್ತೆ ಅಷ್ಟೇ. ಬಿಚ್ಚೋ ಅಲಗು ಹಾಕಿ ನೋಡು. ಈ ಡಬ್ಬೀಲಿ ನಾಲ್ಕು ತರ ಇದೆ."

ಅವನು ಕೊಟ್ಟ ಅಲಗು ನೇರವಾಗಿಯೇ ಹೋಯಿತು. ಫೋಮಿನ ಜಿಂಕೆಯ ಕುತ್ತಿಗೆ ಸೀಳಿ, ಹಿಂದಿನ ಶೆಡ್ಡಿನ ಹಲಗೆ ತೂರಿ, ಒಳಗಿದ್ದ ಫ್ರೀಜರಿಗೆ ನಾಟಿತು. ಫ್ರೀಜರು ಬುಸ್ಸೆಂದು ದೀರ್ಘವಾಗಿ ಉಸಿರು ಬಿಟ್ಟು ಸುಮ್ಮನಾಯಿತು.

"ಹೇಗೆ ತೂರಿತು ನೋಡಿದ್ಯಾ ಭಾವ!"

ಕಾರ್ಲಾ ಹೊರಗೆ ಬಂದು ಇಣುಕಿದಳು. "ಜಿಂಕೆ ಮಾಂಸ ಇಡೋಕೆ ಅಂತ ತಾನೇ ಅದನ್ನ ತಂದಿದ್ದು? ಪರವಾಗಿಲ್ಲ, ಮೊದಲ ಬೇಟೆ ಆಯ್ತಲ್ಲ" ಎಂದು ಒಳಗೆ ಹೋದಳು.

ಹತ್ತು ಗಂಟೆಗೆ ಪಾದ್ರಿ ಲುಂಡ್ ಬಂದರು. ಬಿಸ್ಕತ್ತಿನ ಡಬ್ಬಿಯಲ್ಲಿ ಐದು ತರದ ಹಳೆಯ ಅಲಗುಗಳು. "ದೇವರ ಪ್ರಾಣಿ ನರಳಬಾರದಪ್ಪ" ಎಂದರು. ಆ ಮಾತಿಗೆ ವೆಂಡೆಲ್ ಮತ್ತೆ ಬಿಲ್ಲು ಕೈಗೆತ್ತಿಕೊಂಡ. ಪಾದ್ರಿಗಳು ಮುಂದುವರಿಸಿದರು. "ಒಂದು ಸಲ ಸರಿಯಾಗಿ ಬಿದ್ರೆ ಅದೃಷ್ಟ. ಎರಡು ಸಲ ಬಿದ್ರೂ ಅನುಮಾನ. ಮೂರು ಸಲ ಬಿದ್ರೆ ನಂಬಬಹುದು. ಬಿಲ್ಲಿನ ತಿರುಪು ಬೇರೆ ತಿರುಗಿಸಿದ್ದೀರಿ, ಮೊದಲಿಂದ ಶುರು ಮಾಡೋಣ."

ಹನ್ನೆರಡು ತರ, ಒಂದೊಂದಕ್ಕೆ ಮೂರು ಬಾಣ. ಅರವತ್ತೈದು ಪೌಂಡು ಎಳೆತದ ಬಿಲ್ಲು. ಎಳೆಯಬೇಕು, ಬಿಡಬೇಕು, ಮೂವತ್ತು ಗಜ ನಡೆಯಬೇಕು, ಫೋಮಿನ ಹೊಟ್ಟೆಗೆ ಕಾಲು ಕೊಟ್ಟು ಬಾಣ ಕಿತ್ತುಕೊಂಡು ವಾಪಸು ಬರಬೇಕು. ಮೂವರು ಸಲಹೆಗಾರರೂ ಕುರ್ಚಿ ಹಾಕಿಕೊಂಡು ಚೀಸ್ ತಿನ್ನುತ್ತಿದ್ದರು. ಹದಿನೈದನೆಯ ಬಾಣದ ಹೊತ್ತಿಗೆ ವೆಂಡೆಲ್‌ಗೆ ಬೆವರಿತು. ಇಪ್ಪತ್ತೈದರ ಹೊತ್ತಿಗೆ ತನ್ನ ಬಲಗೈ ಬೇರೆ ಯಾರದೋ ಅನ್ನಿಸಿತು. ಮೂರು ಸಲ ಬೇಡ ಅನ್ನುವುದನ್ನು ಕಲಿಸದ ತಾಯಿಯ ಮೇಲೆ ಸಿಟ್ಟು ಬಂತು.

ಐದು ಗಂಟೆಗೆ ಕೊನೆಯದು ಬಂತು. ಪಾದ್ರಿಗಳ ಡಬ್ಬಿಯ ತಳದಲ್ಲಿದ್ದ, ಎರಡೇ ಅಂಚಿನ ಸಾದಾ ಅಲಗು. ಮೂರು ಬಾಣಗಳೂ ಎದೆಯ ಗುರುತಿನ ಮೇಲೆ ಒತ್ತೊತ್ತಾಗಿ ನಾಟಿದವು. ಮೂವರೂ ಎದ್ದು ನಿಂತರು. ಬಿಚ್ಚೋ ಅಲಗಿನ ಡ್ವೇನ್ ಕೂಡ ಚಪ್ಪಾಳೆ ತಟ್ಟಿದ. ಇನ್ನು ಯಾವ ಜಿಂಕೆಯೂ ನನ್ನಿಂದ ನರಳುವುದಿಲ್ಲ ಎಂದುಕೊಂಡ ವೆಂಡೆಲ್‌ಗೆ ಕಣ್ಣು ತುಂಬಿತು.

"ಇನ್ನೊಂದೇ ಒಂದು ಹೊಡಿ, ಕಾರ್ಲಾನೂ ನೋಡ್ಲಿ" ಎಂದ ಗಿಲ್.

ವೆಂಡೆಲ್ ಹೆದೆ ಎಳೆದ. ಬಲಭುಜದೊಳಗೆ ಏನೋ ಕಳಕ್ಕೆಂದಿತು. ಹೆದೆ ಇದ್ದಲ್ಲೇ ಇತ್ತು. ಮತ್ತೆ ಎಳೆದ, ಕೈ ಕಿವಿಯವರೆಗಿರಲಿ, ಎದೆಯ ಮಟ್ಟಕ್ಕೂ ಬರಲಿಲ್ಲ. ಕಾರ್ಲಾ ಓಡಿ ಬಂದು ಭುಜಕ್ಕೆ ಐಸು ಒತ್ತಿದಳು. ಅವನು ಹುಲ್ಲಿನ ಮೇಲೆ ಕುಕ್ಕರಿಸಿದ. ಅಲಗು ಸಿಕ್ಕಿತು, ಕೈ ಹೋಯಿತು. ಅಳುವುದಕ್ಕೂ ಅವನಲ್ಲಿ ಶಕ್ತಿ ಉಳಿದಿರಲಿಲ್ಲ.

ಡ್ವೇನ್ ಟ್ರಕ್ಕಿನಿಂದ ಒಂದು ಅಡ್ಡಬಿಲ್ಲು ತಂದು ಮುಂದಿಟ್ಟ. "ಭುಜ ಬೇಕಾಗಿಲ್ಲ ಭಾವ. ತಿರುಗಣೆ ಸುತ್ತಿದ್ರೆ ಹೆದೆ ತಾನೇ ಹಿಂದೆ ಬರುತ್ತೆ, ಬಂದೂಕಿನ ತರ ಬೆರಳಲ್ಲಿ ಕುದುರೆ ಒತ್ತಿದ್ರೆ ಆಯ್ತು. ಇದರ ಲೈಸೆನ್ಸು ಫೋನಲ್ಲೇ ಸಿಗುತ್ತೆ."

ವೆಂಡೆಲ್‌ಗೆ ಹೋದ ಜೀವ ಬಂದಂತಾಯಿತು. ಎಡಗೈಯಲ್ಲೇ ಭಾವಮೈದುನನನ್ನು ಅಪ್ಪಿಕೊಂಡ. "ಪಾದ್ರಿಗಳೇ, ನಿಮ್ಮ ಆ ಅಲಗು ಕೊಡಿ, ಇದಕ್ಕೇ ಹಾಕ್ತೀನಿ."

ಪಾದ್ರಿಗಳು ಗಿಲ್ ಮುಖ ನೋಡಿದರು. ಗಿಲ್ ಡ್ವೇನ್ ಮುಖ ನೋಡಿದ.

"ಇದರ ವೇಗಾನೇ ಬೇರೆಯಪ್ಪ" ಎಂದರು ಪಾದ್ರಿಗಳು ಮೆಲ್ಲಗೆ. "ಬಿಲ್ಲಿಂದ ನೇರ ಹೋದದ್ದು ಇದರಿಂದ ಎಲ್ಲಿಗೆ ಹೋಗುತ್ತೋ ಹೇಳೋಕಾಗಲ್ಲ. ಪ್ರಾಣಿ ನರಳಬಾರದು ನೋಡು."

"ಕತ್ತಲಾಗೋಕೆ ಇನ್ನೂ ಎರಡು ಗಂಟೆ ಇದೆ" ಎಂದ ಗಿಲ್, ಡಬ್ಬಿಯ ಮುಚ್ಚಳ ತೆಗೆಯುತ್ತ. "ಹನ್ನೆರಡೇ ತಾನೇ!"

ವೆಂಡೆಲ್ ಒಂದು ಸಲ ಬೇಡ ಎಂದ. ಎರಡನೆಯ ಸಲವೂ ಎಂದ. ಆಮೇಲೆ ಎಡಗೈಯಲ್ಲಿ ತಿರುಗಣೆ ಹಿಡಿದು ಸುತ್ತತೊಡಗಿದ.