ಹಳೇ ಕಂಪ್ಯೂಟರಿಗೆ ನಾಲ್ಕು ಕಾವಲುಗಾರರು

ಎಲ್ಲಿಗೆ ಹೊರಟ್ರಿ? ಕೂತ್ಕೊಳ್ಳಿ ಸ್ವಲ್ಪ, ಇದನ್ನ ಪೂರ್ತಿ ಕೇಳ್ಕೊಂಡು ಹೋಗಿ. ಅರ್ಧಕ್ಕೆ ಎದ್ದು ಹೋದ್ರೆ ತಪ್ಪು ಯಾರದ್ದು ಅಂತ ಗೊತ್ತಾಗಲ್ಲ, ಪೂರ್ತಿ ಕೇಳಿದ್ರೆ ನಿಮಗೂ ಮೈ ಉರಿಯುತ್ತೆ. ಉರೀಲಿ ಬಿಡಿ. ಪಾಪ, ಅವನೊಬ್ಬನೇ ಯಾಕೆ ಉರ್ಕೋಬೇಕು?

ಅವನು ಅಂದ್ರೆ ಪ್ರಿಂಟಿಂಗ್ ಪ್ರೆಸ್ಸಿನ ಡಿಸೈನರ್. ಹೆಸರು ಹಿಡಿದು ಯಾರೂ ಕರೆಯಲ್ಲ, ಎಲ್ಲರ ಬಾಯಲ್ಲೂ ಅವನು 'ಕುಕ್ಕರ್'. ಸಿಟ್ಟು ಬಂದ್ರೆ ಮೊದಲು ಮೂಗಲ್ಲಿ ಉಸ್ ಅಂತಾನೆ, ಆಮೇಲೆ ಕಿವಿ ಕೆಂಪಗಾಗುತ್ತೆ, ಅದಾದ್ಮೇಲೆ ಕೂಗೇ ಕೂಗ್ತಾನೆ. ಸಿಟ್ಟಿಗೆಲ್ಲ ಮೂಲ ಅವನ ಕಂಪ್ಯೂಟರ್. ಬೆಳಗ್ಗೆ ಆನ್ ಮಾಡಿ, ಟೀ ಕುಡಿದು, ಲೋಟ ತೊಳೆದಿಟ್ಟು ಬಂದ್ರೂ ಅದಿನ್ನೂ ಆಕಳಿಸ್ತಾ ಇರುತ್ತೆ.

ಆವತ್ತು ಬೆಳಗ್ಗೆ ಯಜಮಾನರು ಎಲ್ಲರನ್ನೂ ಕರೆದು ಹೇಳಿದ್ರು: "ಸಂಜೆ ಕಂಪ್ಯೂಟರ್ ಅಂಗಡಿಯವನು ಬರ್ತಾನೆ. ಹೊಸದು ಒಂದೇ ತಗೊಳ್ಳೋದು. ಯಾರದ್ದು ಪೂರ್ತಿ ಕೈ ಕೊಟ್ಟಿದೆಯೋ ಅವರಿಗೆ. ನಾನೇ ಬಂದು ನೋಡ್ತೀನಿ."

ಎಲ್ಲರೂ ಕುಕ್ಕರ್ ಕಡೆ ತಿರುಗಿದ್ರು. ವರ್ಷಗಟ್ಟಲೆಯಿಂದ "ಹೊಸದು ಕೊಡ್ಸಿ ಸಾರ್" ಅಂತ ಜೀವ ತಿಂತಿದ್ದೋನು ಅವನೇ ತಾನೆ? ಅವನ ಮುಖ ಆಗಷ್ಟೇ ಕ್ಷೌರ ಮಾಡ್ಸ್ಕೊಂಡವನ ಥರ ಹೊಳೀತಿತ್ತು.

"ಆದ್ರೆ," ಯಜಮಾನರು ಬೆರಳೆತ್ತಿದ್ರು, "ಪೇಂಟ್ ಕಂಪನಿಯವರ ಡಬ್ಬದ ಲೇಬಲ್ ಮೇಲ್‌ನಲ್ಲಿ ಬಂದಿದೆ. ನಾಲ್ಕು ಗಂಟೆಯೊಳಗೆ ಅದು ಅಚ್ಚಿನ ಪ್ಲೇಟಿಗೆ ಹೋಗ್ಲಿಲ್ಲ ಅಂದ್ರೆ ಆರ್ಡರೂ ಇಲ್ಲ, ಹೊಸ ಕಂಪ್ಯೂಟರೂ ಇಲ್ಲ. ಇನ್ನೊಂದು. ಡೌನ್‌ಲೋಡ್ ಮಾಡಿದ್ದನ್ನ ಸ್ಕ್ಯಾನ್ ಮಾಡದೆ ಯಾರಾದ್ರೂ ತೆರೆದ್ರೋ, ಅವರು ಗೇಟಿಂದ ಆಚೆ!"

ಹಂಗೆ ಹೇಳೋಕೂ ಕಾರಣ ಇತ್ತು. ಹೋದ ತಿಂಗಳು ಯಾರೋ ಚೆಂದದ ಫಾಂಟ್ ಅಂತ ಏನನ್ನೋ ಇಳಿಸ್ಕೊಂಡಿದ್ದಕ್ಕೆ ವೈರಸ್ ನುಗ್ಗಿ, ಪ್ರೆಸ್ಸಿನ ಅರ್ಧ ಕೆಲಸ ರಾತ್ರೋರಾತ್ರಿ ಮಾಯ ಆಗಿತ್ತು.

ಕುಕ್ಕರ್ ಲೇಬಲ್ ಇಳಿಸಿದ. ಸ್ಕ್ಯಾನ್ ಒತ್ತಿದ. ಅವನ ಕಂಪ್ಯೂಟರಲ್ಲಿದ್ದ ಆಂಟಿವೈರಸ್ ಎಂಥದ್ದು ಅಂದ್ರೆ, ಹೊಟ್ಟೆ ಬಿರಿಯೋ ಹಾಗೆ ಉಂಡು ಬಾಗಿಲಿಗೇ ಅಡ್ಡ ಮಲಗಿದ ಕಾವಲುಗಾರ. ಕಳ್ಳ ಒಳಗೆ ಬರಲ್ಲ ನಿಜ, ಮನೆಯವರೂ ಓಡಾಡೋ ಹಾಗಿಲ್ಲ. ಮೌಸ್ ಅಲ್ಲೇ ಕಲ್ಲಾಯ್ತು. ಫ್ಯಾನು ಹಿಟ್ಟಿನ ಗಿರಣಿ ಥರ ಗೊರಗೊರ ಅಂತು. ಮೂಲೆಯಲ್ಲಿ "ಅವಧಿ ಮುಗಿದಿದೆ, ನವೀಕರಿಸಿ" ಅನ್ನೋ ಚೀಟಿ ಬೇರೆ ಎದ್ದು ಎದ್ದು ಕೂರ್ತಿತ್ತು.

"ಉಸ್ಸ್! ಥೂ, ಹಗುರವಾದ್ದು ಒಂದು ಆಂಟಿವೈರಸ್ ಸಿಗಲ್ವಾ ಈ ಪ್ರಪಂಚದಲ್ಲಿ?"

ಇದನ್ನ ಮನಸಲ್ಲಿ ಅಂದ್ಕೋಬೇಕಿತ್ತು. ಜೋರಾಗಿ ಅಂದ. ಅಷ್ಟೇ, ಕೆಟ್ಟ.

ಮೊದಲು ಬಂದೋನು ಯಜಮಾನರ ಬಾಮೈದ. ಪ್ರೆಸ್ಸಲ್ಲಿ ಅವನ ಕೆಲಸ ಏನು ಅಂತ ಯಜಮಾನರಿಗೂ ಗೊತ್ತಿಲ್ಲ.

"ಏಳಯ್ಯ, ಏಳು. ದೊಡ್ಡ ದೊಡ್ಡ ಕಂಪನಿಗಳಲ್ಲಿ ಹಾಕೋದು ಇದನ್ನೇ. ಹತ್ತಿಯಷ್ಟು ಹಗುರ!"

"ಹಳೇದನ್ನ ತೆಗೀಬೇಡ್ವಾ?"

"ಇರ್ಲಿ ಬಿಡೋ, ಇಬ್ಬರಿದ್ರೆ ಇನ್ನೂ ಭದ್ರ."

ಆ ಹತ್ತಿ ಒಳಗೆ ಹೋಗಿದ್ದೇ ತಡ, ಹತ್ತು ವರ್ಷದ ಡಿಸೈನುಗಳನ್ನೆಲ್ಲ ಒಂದೊಂದಾಗಿ ಮೂಸಿ ನೋಡೋಕೆ ಶುರು ಮಾಡ್ತು. ನಿಲ್ಲಿಸೋ ಬಟನ್ ಎಲ್ಲಿದೆ ಅಂತ ಕೇಳೋಣ ಅಂದ್ರೆ ಬಾಮೈದ ಊಟಕ್ಕೆ ಹೋಗಿಯಾಗಿತ್ತು. ಕುಕ್ಕರ್ ಕಿವಿ ಕೆಂಪಗಾಯ್ತು.

ಎರಡನೆಯವರು ಬೈಂಡರ್ ಅಣ್ಣ. ಅಂಟು ಮೆತ್ತಿದ ಕೈಯಲ್ಲೇ ಪೆನ್‌ಡ್ರೈವ್ ಚುಚ್ಚಿದ್ರು.

"ನಮ್ಮ ಅಳಿಯ ಕೊಟ್ಟಿದ್ದು ಕಣೋ. ಪೂರ್ತಿ ಬಿಟ್ಟಿ. ಲಾಕ್ ಒಡೆದು ಇಟ್ಟಿದ್ದಾನೆ."

"ಬೀಗ ಒಡೆದು ತಂದಿದ್ದನ್ನ ಕಾವಲಿಗೆ ಹಾಕ್ತೀರಾ ಅಣ್ಣಾ?"

"ನೀನು ಮಾತಾಡ್ಬೇಡ, ನೋಡ್ತಾ ಇರು."

ನೋಡ್ದ. ಮೂರನೇದು ಒಳಗೆ ಕಾಲಿಟ್ಟ ತಕ್ಷಣ ಎರಡನೇದು ಅದನ್ನ ಕಳ್ಳ ಅಂತು. ಮೂರನೇದು ಎರಡನೇದರ ಕೊರಳಪಟ್ಟಿ ಹಿಡೀತು. ಅವಧಿ ಮುಗಿದ ಮೊದಲನೇದು ಮಧ್ಯೆ ನಿಂತು ಚೀಟಿ ತೋರಿಸ್ತಾನೇ ಇತ್ತು. ಪರದೆ ತುಂಬಾ ಜಗಳ. ಲೇಬಲನ್ನ ಮಾತ್ರ ಒಬ್ಬರೂ ಮುಟ್ಲಿಲ್ಲ.

"ಪ್ಲೇಟ್ ಎಲ್ಲೋ? ಇಂಕು ಒಣಗ್ತಿದೆ!" ಅಂತ ಕೆಳಗಿನಿಂದ ಮಿಷನ್‌ಮ್ಯಾನ್ ಅರಚಿದ.

"ನನ್ನ ತಲೆ ಕಳಿಸ್ತೀನಿ, ಅದನ್ನೇ ಪ್ರಿಂಟ್ ಹಾಕು!" ಕುಕ್ಕರ್ ಕೂಗ್ದ.

ಆಗ ಬಂದ್ರು ನೋಡಿ ಪ್ರೂಫ್ ನೋಡೋ ಮೇಷ್ಟ್ರು. ಕನ್ನಡಕ ಮೇಲೇರಿಸಿ, "ಕೋಪ ಮಾಡ್ಕೋಬಾರದು. ಓದಿ, ಹೋಲಿಸಿ, ಆಮೇಲೆ ಆರಿಸ್ಬೇಕು" ಅಂದ್ರು. ಕುಕ್ಕರಿಗೂ ಒಂದು ಆಸೆ. ಪುಟದ ಮೂಲೇಲಿ ಬಿಟ್ಟುಹೋದ ಅಲ್ಪವಿರಾಮಾನೂ ಹಿಡಿಯೋ ಮನುಷ್ಯ! ಮೇಷ್ಟ್ರು ಯಾವುದೋ ವೆಬ್‌ಸೈಟ್ ತೆಗೆದು, ಒಂದಕ್ಷರಾನೂ ಓದದೆ, ಅಲ್ಲಿದ್ದ ಅತೀ ದೊಡ್ಡ ಹಸಿರು ಬಟನ್ ಒತ್ತಿಬಿಟ್ರು.

"ಮೇಷ್ಟ್ರೇ! ಅದು ಜಾಹೀರಾತು!"

"ಹೌದಾ? ಅಷ್ಟು ದೊಡ್ಡದಾಗಿ ಇತ್ತಲ್ಲಪ್ಪ!"

ಸ್ಪೀಕರಿನಿಂದ ಸೈರನ್ ಹೊಡ್ಕೊಳ್ತು. ಹಿಂದೇನೇ ಒಬ್ಬಳು ಹೆಂಗಸು, ನಿಮ್ಮ ಕಂಪ್ಯೂಟರ್ ಅಪಾಯದಲ್ಲಿದೆ, ಈಗಲೇ ಈ ನಂಬರಿಗೆ ಫೋನ್ ಮಾಡಿ ಅಂತ ಇಂಗ್ಲಿಷಲ್ಲಿ ಕಿರಿಚೋಕೆ ಶುರು ಮಾಡಿದ್ಲು. ಬೆಂಕಿ ಬಿತ್ತು ಅಂದ್ಕೊಂಡು ಮಿಷನ್‌ಮ್ಯಾನ್ ಮರಳಿನ ಬಕೆಟ್ ಹಿಡ್ಕೊಂಡು ಮೆಟ್ಟಿಲು ಹತ್ತಿ ಬಂದ. ಮೇಷ್ಟ್ರು ಮೆಲ್ಲಗೆ ಮಾಯ. ಬೈಂಡರ್ ಅಣ್ಣ ಪೆನ್‌ಡ್ರೈವ್ ಕಿತ್ಕೊಂಡು ಮಾಯ.

ಗಡಿಯಾರದಲ್ಲಿ ಮೂರು ದಾಟಿತ್ತು. ಕುಕ್ಕರ್ ಎದ್ದು ನಿಂತು, ಕೀಬೋರ್ಡನ್ನ ತಲೆ ಮೇಲೆತ್ತಿದ. ಅವನ ಕಣ್ಣು ನೋಡಿ ಮಿಷನ್‌ಮ್ಯಾನ್ ಬಕೆಟನ್ನೇ ಎದೆಗೆ ಅಡ್ಡ ಹಿಡ್ಕೊಂಡ.

"ಕೆಳಗಿಡಪ್ಪ ಅದನ್ನ. ಸರ್ಕೋ."

ಅಕೌಂಟ್ಸ್ ನೋಡೋ ಅಕ್ಕ. ಇಡೀ ದಿನ ತುಟಿ ಪಿಟಕ್ ಅಂದಿರ್ಲಿಲ್ಲ. ಬಂದು, ಕೂತು, ಮೊದಲು ಆ ಹೆಂಗಸಿನ ಬಾಯಿ ಮುಚ್ಚಿಸಿದ್ರು. ಆಮೇಲೆ ಒಂದೊಂದೇ ಆಂಟಿವೈರಸ್ಸನ್ನ ಕಿವಿ ಹಿಡಿದು ಆಚೆ ಹಾಕಿದ್ರು, ಅವು ಬಿಟ್ಟುಹೋದ ಕಸಾನೂ ಗುಡಿಸಿದ್ರು.

"ಕಂಪ್ಯೂಟರ್ ಜೊತೇಲೇ ಒಂದು ಕಾವಲು ಬಂದಿರುತ್ತಪ್ಪ. ಬೇರೆಯವನ್ನ ತಂದು ತುಂಬಿಸಿದ್ರೆ ಅದು ಬದಿಗೆ ಸರಿಯುತ್ತೆ. ನೆಂಟರು ಜಾಸ್ತಿ ಆದ್ರೆ ಮನೆಯವರು ವರಾಂಡದಲ್ಲಿ ಮಲಗಲ್ವಾ, ಹಂಗೆ. ಈಗ ಅದನ್ನ ಒಳಗೆ ಕರೆದಿದ್ದೀನಿ. ಇನ್ಮೇಲೆ ಇಳಿಸಿದ ಫೈಲ್ ಮೇಲೆ ಮಾತ್ರ ರೈಟ್ ಕ್ಲಿಕ್ ಮಾಡಿ ಸ್ಕ್ಯಾನ್ ಒತ್ತು. ಒಂದು ಲೇಬಲ್ ನೋಡೋಕೆ ಇಡೀ ಮನೆ ಯಾಕೆ ಜಾಲಾಡ್ಬೇಕು?"

ಒತ್ತಿದ. ಕಣ್ಣು ಮಿಟುಕಿಸೋದ್ರೊಳಗೆ ಉತ್ತರ: ಏನೂ ತೊಂದರೆ ಇಲ್ಲ. ಲೇಬಲ್ ತೆರೀತು. ಅಷ್ಟೇ ಅಲ್ಲ, ಹೊಟ್ಟೆಬಾಕ ಹೋದ ಮೇಲೆ ಕಂಪ್ಯೂಟರೇ ಬೇರೆ ಆಗಿತ್ತು, ಮೌಸ್ ಮುಟ್ಟಿದ್ರೆ ಜಾರೋದು. ಇಷ್ಟು ವರ್ಷ ಇದಕ್ಕಾ ನಾನು ಕೂಗಾಡಿದ್ದು ಅಂತ ಅವನಿಗೆ ಅದಕ್ಕೂ ಸಿಟ್ಟು ಬಂತು. ನಾಲ್ಕಕ್ಕೆ ಮುಂಚೆ ಲೇಬಲ್ ಪ್ಲೇಟಿಗೆ ಹೋಯ್ತು.

"ಅಕ್ಕಾ, ನಿಮ್ಮ ಉಪಕಾರ ಈ ಜನ್ಮದಲ್ಲಿ ಮರೆಯಲ್ಲ."

"ಅಯ್ಯೋ, ಇದೇನು ಮಹಾ. ಯಜಮಾನ್ರು ಬಂದಾಗ ಚೆನ್ನಾಗಿ ಓಡ್ಸಿ ತೋರ್ಸು. ಖುಷಿ ಪಡ್ತಾರೆ."

ಯಜಮಾನರು ಅಂಗಡಿಯವನ ಜೊತೆ ಬಂದ್ರು. ಕುಕ್ಕರ್ ಉತ್ಸಾಹ ತಡೀಬೇಕಲ್ಲ! ದೊಡ್ಡ ದೊಡ್ಡ ಫೈಲುಗಳನ್ನ ಫಟ್ ಅಂತ ತೆಗೆದ, ಫಟ್ ಅಂತ ಮುಚ್ಚಿದ, "ನೋಡಿ ಸಾರ್, ಸ್ಕ್ಯಾನ್ ಕೂಡ ಹಿಂಗೇ!" ಅಂದ.

"ಭೇಷ್!" ಯಜಮಾನರು ಬೆನ್ನು ತಟ್ಟಿದ್ರು. "ಕುದುರೆ ಥರ ಓಡ್ತಿದೆಯಲ್ಲಯ್ಯ! ಇದನ್ನ ಬದಲಾಯಿಸೋದಾ? ನಿನಗೆ ಹೊಸದು ಖಂಡಿತ ಬೇಡ. " ಆಮೇಲೆ ಅಕ್ಕನ ಕಡೆ ತಿರುಗಿ, "ಅಮ್ಮಾ, ನಿಮ್ಮದು ಹೇಗಿದೆ?" ಅಂದ್ರು.

ಕುಕ್ಕರ್ ಮೌಸ್ ಕೈಬಿಟ್ಟು ಅಕ್ಕನ ಕಡೆ ತಿರುಗಿದ.

"ನಂದು ಬೆಳಗ್ಗೆಯಿಂದ ಆನ್ ಆಗ್ತಾನೇ ಇಲ್ಲ ಸಾರ್," ಅಕ್ಕ ತಣ್ಣಗೆ ಅಂದ್ರು. "ಇವನು ಪಾಪ ಒದ್ದಾಡ್ತಿದ್ದ. ಮೊದಲು ಅವನದ್ದು ಆಗ್ಲಿ, ನಂದೇನು ಅಂತ ಸುಮ್ನಿದ್ದೆ."

ಯಜಮಾನರು ಬಟನ್ ಒತ್ತಿದ್ರು. ಕತ್ತಲೆ. ಮತ್ತೆ ಒತ್ತಿದ್ರು. ಕತ್ತಲೆ. "ನೋಡಿ ಕಲೀರಯ್ಯ, ಇದು ದೊಡ್ಡ ಮನಸ್ಸು ಅಂದ್ರೆ! ಹೊಸದು ಇವರಿಗೇ." ಅಂಗಡಿಯವನು ಬಗ್ಗಿ ನೋಡ್ತಾನಾ? ಮಾರೋಕೆ ಬಂದೋನು!

ಬಗ್ಗಿ ನೋಡಿದ್ದು ಕುಕ್ಕರ್. ಮೇಜಿನ ಕೆಳಗೆ ಪ್ಲಗ್ ಗೋಡೆಯಿಂದ ಕಿತ್ತು ಬಿದ್ದಿತ್ತು. ಬಿದ್ದಿದ್ದಲ್ಲ, ವೈರನ್ನ ಅಂದವಾಗಿ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿಟ್ಟಿತ್ತು. ಅಕ್ಕನ ಚಪ್ಪಲಿ ಮೆಲ್ಲಗೆ ಬಂದು ಅದನ್ನ ಪೇಪರ್ ಬಂಡಲ್ ಹಿಂದಕ್ಕೆ ತಳ್ತು.

"ಇನ್ಮೇಲೆ ಏನೇ ತೊಂದರೆ ಆದ್ರೂ ನನ್ನನ್ನೇ ಕೂಗಪ್ಪ," ಅಂತ ಅಕ್ಕ ನಕ್ಕರು.

ಉಸ್. ಕಿವಿ ಕೆಂಪು. ಎದ್ದು ನಿಂತು ಕೂಗೋಕೆ ಬಾಯಿ ತೆಗೆದ. ಆದ್ರೆ ಈ ಹೆಂಗಸು ಇಲ್ದಿದ್ರೆ ಆರ್ಡರೂ ಇಲ್ಲ, ಬಹುಶಃ ಕೆಲಸವೂ ಇಲ್ಲ.

"ಏನಯ್ಯ, ಏನೋ ಹೇಳೋಕೆ ಬಾಯಿ ತೆಗ್ದಿದ್ಯಲ್ಲ?" ಯಜಮಾನರು ಅವನ ಮುಖಾನೇ ನೋಡ್ತಿದ್ದಾರೆ. ಅಕ್ಕಾನೂ ನೋಡ್ತಿದ್ದಾರೆ.

ಈಗ ನೀವೇ ಹೇಳ್ರಿ, ಅವನ ಜಾಗದಲ್ಲಿ ನೀವಾಗಿದ್ರೆ ಏನಂತಿದ್ರಿ?