ಕೊನೆಯ ಮೂಲೆ ಮುಚ್ಚದ ಕೌದಿ

ಹಿಡಿದ ಕೆಲಸ ಮುಗಿಸದವರನ್ನು ಬೈಯುತ್ತಲೇ ಮುದುಕಿಯಾದವಳು ನಾನು. ಓದು ನನಗೆ ಹೆಸರು ಬರೆಯುವಷ್ಟು, ಅಂಕಿ ಗುರುತಿಸುವಷ್ಟು. ಆದರೆ ಕೌದಿ ಹೊಲಿಯುವುದನ್ನು ಸುರಪುರದಲ್ಲಿ ಯಾರೂ ನನಗೆ ಹೇಳಿಕೊಡಬೇಕಿಲ್ಲ. ಹಳೆಯ ಸೀರೆಯ ತುಂಡುಗಳನ್ನು ಜೋಡಿಸಬೇಕು, ಹೊಲಿಯಬೇಕು, ಕೊನೆಯ ಮೂಲೆಯೊಳಗೆ ರೊಟ್ಟಿಯ ಚೂರು ಇಟ್ಟು ಬಾಯಿ ಮುಚ್ಚಬೇಕು. ಕೌದಿ ಹಸಿದಿರಬಾರದು ಎಂಬುದು ನಮ್ಮ ರೀತಿ. ರೊಟ್ಟಿ ಒಳಗೆ ಹೋಯಿತೆಂದರೆ ಮುಗಿಯಿತು. ಆಮೇಲೆ ಬಂದು ಬಣ್ಣ ಸರಿಯಿಲ್ಲ ಎಂದವರಿಗೆ ನಾನು ಕುಡಿಯಲು ನೀರೂ ಕೊಟ್ಟವಳಲ್ಲ.

ಈ ನೆಮ್ಮದಿ ಕೆಡಿಸಿದವಳು ಮೊಮ್ಮಗಳು ರೇಣುಕಾ. ಯಾದಗಿರಿಯ ಕಾಲೇಜಿನಲ್ಲಿ ಕಂಪ್ಯೂಟರ್ ಓದುತ್ತಾಳೆ. ಕೌದಿ ಬೇಕಾದವರು ತಾವೇ ತುಂಡು ಜೋಡಿಸಿ ನೋಡುವಂಥ ವೆಬ್‌ಪುಟ ಮಾಡುತ್ತೇನೆಂದು ಲ್ಯಾಪ್‌ಟಾಪ್ ತೆರೆದು ಕೂತಳು. ಪರದೆಯ ಎಡಕ್ಕೆ ಅವಳ ಬರಹ, ಬಲಕ್ಕೆ ಕೌದಿ. ಎಡಕ್ಕೆ ನಾಲ್ಕು ಅಳಿಸಿ ಆರು ಬರೆದರೆ ಬಲಕ್ಕೆ ತುಂಡು ಅದೇ ಘಳಿಗೆ ಉಬ್ಬುತ್ತದೆ.

“ನೋಡಾಯಿ, ಬರದಂಗ ಬರದಂಗ ಕಾಣ್ತದ. ಮುಗಿಯೋತನಕ ಕಾಯೋದ ಬ್ಯಾಡ.”

“ಮತ್ತ ಮುಗಿಯೋದು ಯಾವಾಗವ್ವಾ?”

“ಇದು ಲೈವ್ ಅದ ಆಯಿ.”

ಅದು ಉತ್ತರವಲ್ಲ ಎಂದು ನನಗೆ ಅಂದೇ ಹೊಳೆಯಬೇಕಿತ್ತು.

ಮೊದಲ ಕೌದಿ ಶಹಾಪುರದ ನನ್ನ ತಂಗಿ ಗಂಗಮ್ಮನ ಮೊಮ್ಮಗನಿಗೆ, ತೊಟ್ಟಿಲಿಗೆ ಹಾಕುವ ದಿನಕ್ಕೆ. ನಮ್ಮ ತಾಯಿಯದೆಂದು ಉಳಿದದ್ದು ಒಂದೇ ಇಳಕಲ್ ಸೀರೆ. ಅದರ ಸೆರಗು ಕೌದಿಯ ನಡುವೆ ಬರಬೇಕು. ಮೊಬೈಲನ್ನು ಜೋಳದ ಡಬ್ಬಿಗೆ ಆನಿಸಿ, ನೋಡಿಕೊಂಡು ಹೊಲಿಯತೊಡಗಿದೆ. ಅದೇ ಪುಟ ಗಂಗಮ್ಮನ ಮೊಬೈಲಿನಲ್ಲೂ ಇತ್ತು, ಅವಳು ಅಲ್ಲಿ ಬದಲಿಸಿದ್ದು ಇಲ್ಲಿ ಕಾಣುತ್ತಿತ್ತು. ನಾನು ಹಸಿರು ತುಂಡು ಹೊಲಿದು ತಲೆ ಎತ್ತಿದರೆ ಪರದೆಯಲ್ಲಿ ಆ ಜಾಗಕ್ಕೆ ಹಳದಿ. ಫೋನ್ ಮಾಡಿದೆ.

“ಹೊಲದದ್ದು ಬಿಚ್ಚಲೇನ? ನಿನಗೇನ ಬ್ಯಾರೆ ಕೆಲಸ ಇಲ್ಲೇನ?”

“ಬೆರಳ ಇಟ್ಟರ ಸರೀತದ ಅಕ್ಕಾ. ಛಂದ ಕಾಣಾಕತ್ತದ, ಬಿಡಾಕ ಮನಸ ಆಗವಲ್ದು.”

ಬಿಚ್ಚಿದೆ. ಹಳದಿ ಹೊಲಿದೆ. ಅಷ್ಟರಲ್ಲಿ ನೀಲಿ. ಬಿಚ್ಚಿ ಬಿಚ್ಚಿ ಬಟ್ಟೆ ಜರಡಿಯಾಯಿತು. ಒಂದು ಮುಂಜಾನೆ ನೋಡಿದರೆ ಪರದೆಯಲ್ಲಿ ನಡುವಿನ ಸೆರಗು ಪುಟ್ಟದಾಗಿತ್ತು. ತಂಗಿ ಕೊನೆಗೂ ಒಂದು ನಿರ್ಧಾರಕ್ಕೆ ಬಂದಳೆಂದು, ಮನಸ್ಸು ಬದಲಿಸುವ ಮೊದಲೇ ಅಷ್ಟಕ್ಕೆ ಕತ್ತರಿಸಿಬಿಟ್ಟೆ. ರೇಣುಕಾ ಓಡಿ ಬಂದಳು.

“ಅಯ್ಯ ಆಯಿ, ಅದು ನಾ ಅಂಕಿ ಬದಲಿಸಿ ನೋಡಾಕತ್ತಿದ್ದೆ! ಮೊದಲಿನಂಗ ಮಾಡೀನಿ ನೋಡು.”

ಹೌದು, ಪರದೆಯಲ್ಲಿ ಸೆರಗು ಮತ್ತೆ ಪೂರ್ತಿಯಾಗಿತ್ತು. ನನ್ನ ತೊಡೆಯ ಮೇಲೆ ಅಂಗೈಯಗಲ ಇತ್ತು.

“ಈ ಕತ್ತರೀನೂ ಹಿಂದಕ್ಕ ಕಳಸು ಹಂಗಾರ.”

“ಕತ್ತರಿ ಲೈವ್ ಅಲ್ಲ ಆಯಿ.”

ತೊಟ್ಟಿಲ ದಿನ ಕೂಸು ಅಂಗಡಿಯ ಹೊದಿಕೆಯಲ್ಲಿ ಮಲಗಿತು. ಗಂಗಮ್ಮ ಬಂದವರಿಗೆಲ್ಲ ಮೊಬೈಲಿನಲ್ಲಿ ಕೌದಿ ತೋರಿಸಿದಳು, ಎಲ್ಲರೂ ಹೊಗಳಿದರು. ನಿಜವಾದದ್ದು ಮೂಲೆ ಬಾಯಿ ತೆರೆದುಕೊಂಡು ನನ್ನ ಮನೆಯಲ್ಲಿ ಬಿದ್ದಿತ್ತು. ಅದಕ್ಕೆಂದು ತೆಗೆದಿಟ್ಟ ರೊಟ್ಟಿಯ ಚೂರನ್ನು ಇರುವೆಗಳು ಒಯ್ದವು. ಕೂಸು ಈಗ ಗೋಡೆ ಹಿಡಿದು ನಡೆಯುತ್ತದೆ. ಕೌದಿಯಿಂದ ಕಾಲು ಹೊರಗೆ ಬರುವುದು ಖಂಡಿತ.

ನಿನ್ನೆ ಹೊಸ ರೊಟ್ಟಿ ಮುರಿದಿಟ್ಟುಕೊಂಡು ರೇಣುಕಾಳನ್ನು ಕರೆದೆ. “ಆ ಪುಟ ಅಳಸು. ಮೂಲಿ ಮುಚ್ಚತೀನಿ.”

“ಅಳಸ್ತೀನಿ. ಕಡೀಕ ಒಮ್ಮಿ ನೀನೂ ಬೆರಳ ಇಟ್ಟು ನೋಡು.”

ಇಟ್ಟೆ. ಕೆಂಪು ತುಂಡೊಂದು ಸರಿದು ತಾಯಿಯ ಸೆರಗಿನ ಪಕ್ಕ ಕೂತಿತು.

“ಅಳಸ್ಲೇನ ಆಯಿ?”

“ತಡಿ” ಎಂದೆ. ರೊಟ್ಟಿಯ ಚೂರನ್ನು ಬಾಯಿಗೆ ಹಾಕಿಕೊಂಡು, ಕನ್ನಡಕ ಹುಡುಕಿ, ಹೊಲಿಗೆ ಬಿಚ್ಚಲು ಕೂತೆ.